ತಿಳಿಯದಿದ್ದರೂ ‘ಹಾಂಜೀ’ ಅಂದು ಎದ್ದು ಬಂದೆ

ಪ್ರಶ್ನೆ: ನಂಗ 43 ವರ್ಷ. ಖಡಕ್ ರೊಟ್ಟಿ ಮಾಡಿ ಬಾಗಲಕೋಟಿ ಖಾನಾವಳಿಗೆ ಕೊಡ್ತೀನ್ರಿ. ರೊಟ್ಟಿ ಮಷೀನಿಗೆ ಸಾಲ ಕೇಳಾಕ ಬ್ಯಾಂಕಿಗೆ ಹೋದ್ರ ಹೊಸ ಸಾಹೇಬ್ರು ಹಿಂದ್ಯಾಗ ಏನೇನೋ ಅಂದ್ರು. ತಿಳಿದದ್ದು ‘ಸಿಬಿಲ್’ ಒಂದೇ. ಹಿಂದ ಪಾಳಿ ನಿಂತಿತ್ತು, ನಾಚಿಕಿ ಆಗಿ ‘ಹಾಂಜೀ, ಹಾಂಜೀ’ ಅಂದು ಎದ್ದು ಬಂದೆ. ಮಗ ನಕ್ಕ. ಈಗ ಮೊಬೈಲಿನ್ಯಾಗ ಹಿಂದಿ ಬಾಯಿಪಾಠ ಮಾಡಾಕತ್ತೀನಿ, ತಲಿಯಾಗ ನಿಲ್ಲವಲ್ತು. ಬ್ಯಾಂಕಿನ ಮುಂದ ಹಾದ್ರೂ ಎದಿ ಡವಡವ ಅಂತೈತ್ರಿ.
– ಹೆಸರು ಬೇಡ, ಬೇವೂರು

ಉತ್ತರ: ತಂಗೀ, ನಾಲ್ಕು ಜನರೆದುರು ತಿಳಿಯದ ಮಾತು ಕೇಳುತ್ತ ಕೂತರೆ ಯಾರಿಗಾದರೂ ಮೈ ಹಿಡಿಯಷ್ಟಾಗುತ್ತದೆ. ಓದಿದವರೂ ಹೀಗೇ ತಲೆಯಾಡಿಸಿ ಬರುತ್ತಾರೆ, ಹೇಳಿಕೊಳ್ಳುವುದಿಲ್ಲ ಅಷ್ಟೇ. ರೊಟ್ಟಿ ಬಡಿದು, ಲೆಕ್ಕ ಇಟ್ಟು, ಖಾನಾವಳಿಯವರಿಂದ ಬಾಕಿ ವಸೂಲು ಮಾಡುವವರು ನೀವು. ದಡ್ಡರಿಗೆ ಆ ವ್ಯಾಪಾರ ಆಗುವ ಮಾತಲ್ಲ.

ಹಿಂದಿ ಕಲಿಯಿರಿ, ಬೇಡ ಅನ್ನುವುದಿಲ್ಲ. ಆದರೆ ಸಾಲಕ್ಕಾಗಿ ಕಲಿಯಬೇಕಿಲ್ಲ. ನನಗೆ ಚಿಂತೆ ಹತ್ತಿಸಿದ್ದು ನಿಮಗೆ ಹಿಂದಿ ಬಾರದ್ದಲ್ಲ, ತಿಳಿಯದೆಯೂ ಅಂದ ಆ ‘ಹಾಂಜೀ’. ಇವತ್ತು ಅದು ಬರೀ ಬಾಯಿಮಾತು. ನಾಳೆ ಅದೇ ಸಹಿಯಾದರೆ? ರಿಸರ್ವ್ ಬ್ಯಾಂಕ್ ಇದನ್ನು ಮೊದಲೇ ಯೋಚಿಸಿದೆ. 2024ರ ಅಕ್ಟೋಬರ್ 1ರಿಂದ, ಇಂಥ ಸಾಲಗಳ ಬಡ್ಡಿ, ಶುಲ್ಕ, ಕಂತುಗಳನ್ನು ತೋರಿಸುವ ಪತ್ರವನ್ನು ಸಾಲಗಾರರಿಗೆ ತಿಳಿಯುವ ಭಾಷೆಯಲ್ಲೇ ಬರೆದುಕೊಟ್ಟು ವಿವರಿಸಬೇಕು. ಅರ್ಜಿ ತಿರಸ್ಕರಿಸಿದರೆ ಮುಖ್ಯ ಕಾರಣವನ್ನು ಬರಹದಲ್ಲಿ ತಿಳಿಸಬೇಕು. ಕನ್ನಡದಲ್ಲಿ ಹೇಳಿ ಎನ್ನುವುದು ದಯೆ ಬೇಡಿದಂತೆ ಅಲ್ಲ. ಆ ಸಾಹೇಬರೂ ಊರು ಬಿಟ್ಟು ಬಂದವರಿರಬೇಕು; ನಿಮ್ಮ ಮಾತು ತಿಳಿಯದ ಮುಜುಗರ ಅವರಿಗೂ ಇದ್ದೀತು.

ಇನ್ನು ಸಿಬಿಲ್. ಹಿಂದಿನ ಸಾಲಗಳನ್ನು ಹೇಗೆ ತೀರಿಸಿದಿರಿ ಎಂಬುದರ ಮೇಲೆ 300ರಿಂದ 900ರವರೆಗೆ ಕೊಡುವ ಅಂಕ ಅದು, ನಿಮ್ಮ ನಡತೆಗೆ ಹಾಕಿದ ಮಾರ್ಕಲ್ಲ. ಫೈನಾನ್ಸಿನವರ ಗುಂಪು ಸಾಲದಲ್ಲಿ ತಪ್ಪಿದ ಕಂತು, ನೀವು ಜಾಮೀನು ಹಾಕಿದವರು ಕಟ್ಟದೆ ಬಿಟ್ಟ ಸಾಲ, ತೀರಿಸಿದ್ದರೂ ದಾಖಲೆಯಲ್ಲಿ ಬಾಕಿ ಎಂದೇ ಉಳಿದದ್ದು – ಯಾವುದರಿಂದಲೂ ಇಳಿದಿರಬಹುದು. ಎಂದೂ ಸಾಲ ಮಾಡದವರಿಗೆ ಅಂಕವೇ ಇರುವುದಿಲ್ಲ, ಅದೇನೂ ಕಳಂಕವಲ್ಲ. ಈ ಅಂಕದ ಪೂರ್ತಿ ವರದಿಯನ್ನು ಸಿಬಿಲ್ ಸಂಸ್ಥೆಯವರು ವರ್ಷಕ್ಕೊಮ್ಮೆ ಪುಕ್ಕಟೆ ಕೊಡುತ್ತಾರೆ. ಮಗನನ್ನು ಕೂರಿಸಿಕೊಂಡು ಮೊಬೈಲಿನಲ್ಲೇ ತೆಗೆಸಿ. ಅವನು ನಕ್ಕದ್ದು ಕೆಟ್ಟ ಮನಸ್ಸಿನಿಂದಲ್ಲ ಎಂದೇ ಎಣಿಸೋಣ. ಆದರೂ ಮನಸ್ಸಿಗೆ ನೋವಾಯಿತು ಎಂದು ಅವನಿಗೆ ಹೇಳಿ. ಅವನು ಸಾಲು ಸಾಲಾಗಿ ಓದಿ ಹೇಳಲಿ, ತೀರ್ಮಾನ ನಿಮ್ಮದಿರಲಿ. ವರದಿಯಲ್ಲಿ ತಪ್ಪು ಕಂಡರೆ ಆ ಸಂಸ್ಥೆಗೆ ದೂರು ಕೊಡಿ. 30 ದಿನದಲ್ಲಿ ಇತ್ಯರ್ಥ ಮಾಡದಿದ್ದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕೆಂಬ ನಿಯಮವಿದೆ.

ಬ್ಯಾಂಕಿಗೆ ಮತ್ತೆ ಹೋಗುವಾಗ ಮಹಿಳಾ ಸಂಘದ ಗೆಳತಿಯೊಬ್ಬರು ಜೊತೆಗಿರಲಿ. ಸಂಘದವರಿಗೆ ಬ್ಯಾಂಕ್ ಕೆಲಸದಲ್ಲಿ ನೆರವಾಗುವ ‘ಬ್ಯಾಂಕ್ ಸಖಿ’ ನಿಮ್ಮಲ್ಲಿ ಇದ್ದರೆ ಇನ್ನೂ ಒಳ್ಳೆಯದು. ಬಾಯಿಪಾಠ ಮಾಡಲೇಬೇಕೆಂದರೆ ಈ ಎರಡು ಮಾಡಿ: ‘ಸಾಹೇಬ್ರ, ನಂಗ ತಿಳೀಲಿಲ್ಲ, ಕನ್ನಡದಾಗ ಹೇಳ್ಸ್ರಿ.’ ‘ಸಾಲ ಯಾಕ ಆಗಂಗಿಲ್ಲ, ಬರದು ಕೊಡ್ರಿ.’ ಒಲೆಯ ಮುಂದೆ ಕೂತಾಗ ಗಟ್ಟಿಯಾಗಿ ಅಂದು ನೋಡಿ. ಬ್ಯಾಂಕಿನಲ್ಲಿ ದನಿ ಏರಿಸುವುದು ಬೇಡ, ಅರ್ಧಕ್ಕೆ ಎದ್ದು ಬರುವುದೂ ಬೇಡ. ಅಷ್ಟಾದರೂ ಕಿವಿಗೊಡದಿದ್ದರೆ ಬ್ಯಾಂಕಿಗೆ ಲಿಖಿತ ದೂರು ಕೊಡಿ. 30 ದಿನ ಕಾದೂ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ 14448ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಎದೆ ಡವಡವ ನಿಲ್ಲದೆ ನಿದ್ದೆ, ಊಟ ಕೆಟ್ಟರೆ ಟೆಲಿ ಮಾನಸ್‌ನ 14416 ಇದೆ. ಹಗಲು ರಾತ್ರಿ ಎನ್ನದೆ ಯಾವಾಗ ಬೇಕಾದರೂ, ಖರ್ಚಿಲ್ಲದೆ, ಕನ್ನಡದಲ್ಲಿ ಆಪ್ತಸಲಹೆ ಸಿಗುತ್ತದೆ. ಬ್ಯಾಂಕಿಗೆ ಮಾತ್ರ ಸೋಮವಾರ ಬೆಳಿಗ್ಗೆ ಹೋಗಬೇಡಿ. ಮಧ್ಯಾಹ್ನ ಊಟದ ಹೊತ್ತು ಕಳೆದ ಮೇಲೆ ಹೋಗಿ, ಪಾಳಿ ಸಣ್ಣದಿರುತ್ತದೆ.