ಗಾಳಿ ಹೋದ ಮೇಲೆ ಕೋಳಿ ಕಾಯುವುದು

ಫ್ಲೋರಿಡಾದಲ್ಲಿ ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಕಾಲ. ಟ್ಯಾಂಪಾ ಹೊರವಲಯದಲ್ಲಿರುವ ನಮ್ಮ ಮನೆಯ ಹಿತ್ತಲಲ್ಲಿ ಒಂದಿಷ್ಟು ಹೇಂಟೆಗಳಿವೆ. ಹುಂಜ ಇಲ್ಲ. ಇಲ್ಲಿನ ಎಷ್ಟೋ ಊರುಗಳಲ್ಲಿ ಅದಕ್ಕೆ ಅನುಮತಿಯೇ ಇಲ್ಲ. 2024ರ ಸೆಪ್ಟೆಂಬರ್ 26ರಂದು ಹೆಲೀನ್ ಚಂಡಮಾರುತ ಬಂತು. ಅದು ಬೀದಿಗೆ ತಂದು ಸುರಿದ ಕಸವನ್ನು ಎತ್ತಿ ಮುಗಿಸುವ ಮೊದಲೇ, ಅಕ್ಟೋಬರ್ 9ರ ರಾತ್ರಿ ಮಿಲ್ಟನ್ ಬಂತು. ಎರಡನ್ನೂ ದಾಟಿದ ಮೇಲೆ ನನಗೆ ಮನದಟ್ಟಾದದ್ದು ಇಷ್ಟು: ಕೋಳಿಗಳನ್ನು ಗಾಳಿಯ ಬಾಯಿಂದ ತಪ್ಪಿಸುವುದು ಒಂದು ರಾತ್ರಿಯ ಕೆಲಸ, ಅದರ ಮುಂದಿನ ದಿನಗಳಿಂದ ತಪ್ಪಿಸುವುದೇ ನಿಜವಾದ ಕೆಲಸ.

ಇರುವುದೋ, ಹೊರಡುವುದೋ ಎಂಬುದು ಮೊದಲು ತೀರ್ಮಾನವಾಗಬೇಕು. ನೀರು ಬಂದರೆ ಓಡು, ಗಾಳಿ ಬಂದರೆ ಅಡಗು ಎಂಬುದು ಇಲ್ಲಿನವರ ಬಾಯಲ್ಲಿರುವ ಮಾತು. ಸಮುದ್ರದ ನೀರು ನುಗ್ಗುವ ಜಾಗಗಳನ್ನು ಎ, ಬಿ, ಸಿ ಎಂದು ವಲಯಗಳಾಗಿ ಗುರುತಿಸಿದ್ದಾರೆ. ಆ ವಲಯದಲ್ಲಿರುವವರು ಕೋಳಿಗಳ ಸಮೇತ ಎಲ್ಲಿಗೆ ಹೋಗುವುದೆಂದು ಬೇಸಿಗೆಯಲ್ಲೇ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ನಾಯಿ ಬೆಕ್ಕುಗಳಿಗೆ ಜಾಗ ಕೊಡುವ ಆಶ್ರಯತಾಣಗಳು ಸಾಮಾನ್ಯವಾಗಿ ಕೋಳಿಗಳನ್ನು ಒಳಗೆ ಬಿಡುವುದಿಲ್ಲ. ಮಿಲ್ಟನ್ ಬರುವ ಮುಂಚೆ ಹೆದ್ದಾರಿಗಳು ಕಾರುಗಳಿಂದ ತುಂಬಿಹೋಗಿದ್ದವು, ಎಷ್ಟೋ ಬಂಕುಗಳಲ್ಲಿ ಪೆಟ್ರೋಲ್ ಖಾಲಿ. ಅಂಥ ಹೊತ್ತಲ್ಲಿ ಕೋಳಿ ಪಂಜರ ಹೇರಿಕೊಂಡು ಹೊರಟರೆ ಎಲ್ಲಿಗೆ ಹೋಗುವುದು? ನಮ್ಮ ಮನೆ ಯಾವ ವಲಯಕ್ಕೂ ಸೇರಿಲ್ಲ, ಹಾಗಾಗಿ ನಾವು ಉಳಿದೆವು.

ಹಿತ್ತಲ ಗೂಡಿನಲ್ಲೇ ಕೋಳಿಗಳನ್ನು ಬಿಡುವ ಯೋಚನೆಯನ್ನು ನಾನು ಮಾಡಲಿಲ್ಲ. ಅಂಗಡಿಯಲ್ಲಿ ಸಿಗುವ ಹಗುರ ಗೂಡನ್ನು ಅಷ್ಟು ದೊಡ್ಡ ಗಾಳಿ ಎತ್ತಿ ಬಿಸಾಡಬಲ್ಲದು. ಖಾಲಿ ಗೂಡನ್ನು ನೆಲಕ್ಕೆ ತಿರುಪಿ ಇಳಿಸುವ ಉಕ್ಕಿನ ಗೂಟಗಳಿಗೆ ಪಟ್ಟಿ ಹಾಕಿ ಬಿಗಿದೆವು. ನೆರಳಿಗೆಂದು ಕಟ್ಟಿದ್ದ ಬಟ್ಟೆಯನ್ನು ಬಿಚ್ಚಿದೆವು, ಇಲ್ಲದಿದ್ದರೆ ಅದು ಹಡಗಿನ ಹಾಯಿಯಂತೆ ಗಾಳಿ ತುಂಬಿಕೊಂಡು ಕಂಬಗಳನ್ನೇ ಕಿತ್ತುಕೊಂಡು ಹೋಗುತ್ತದೆ. ಬಕೆಟ್, ಹೂಕುಂಡ, ಕುರ್ಚಿ ಎಲ್ಲ ಒಳಗೆ ಬಂದವು.

ಕೋಳಿ ಹಿಡಿಯುವ ಪಾಠ ಕುಂದಾಪುರದಿಂದ ಫೋನಿನಲ್ಲಿ ಬಂತು. "ಕತ್ತಲಾದ ಮೇಲೆ ಹಿಡಿ ಮಗಾ, ಹಗಲು ಹಿಂದೆ ಬಿದ್ರೆ ಕೈಗೆ ಸಿಕ್ಕುದಿಲ್ಲ" ಎಂದರು ಅಮ್ಮ. ಗಾಳಿ ಬರುವ ಹಿಂದಿನ ರಾತ್ರಿ, ತೂಕಡಿಸುತ್ತಿದ್ದ ಹೇಂಟೆಗಳನ್ನು ಒಂದೊಂದಾಗಿ ಎತ್ತಿ, ನಾಯಿಗಳ ಪಂಜರದಲ್ಲಿ ಮರದ ಹೊಟ್ಟು ಹರಡಿ ಕೂರಿಸಿದೆ. ಒಂದೂ ಕೂಗಲಿಲ್ಲ. ಗ್ಯಾರೇಜಿನಲ್ಲಿ ಪಂಜರಗಳನ್ನು ದೊಡ್ಡ ಬಾಗಿಲಿನಿಂದ ದೂರ, ಮನೆಗೆ ಅಂಟಿದ ಒಳಗೋಡೆಯ ಪಕ್ಕ ಇಟ್ಟೆವು. ಗಾಳಿಗೆ ಮನೆಯಲ್ಲಿ ಮೊದಲು ಸೋಲುವುದು ಹೆಚ್ಚಾಗಿ ಆ ಬಾಗಿಲೇ.

ಮಿಲ್ಟನ್ ರಾತ್ರಿ ಎಂಟೂವರೆಯ ಸುಮಾರಿಗೆ ಸಿಯೆಸ್ಟಾ ಕೀ ಹತ್ತಿರ ದಡ ಹತ್ತಿತು. ನಡುರಾತ್ರಿ ಟಾರ್ಚ್ ಹಿಡಿದು ಗ್ಯಾರೇಜಿಗೆ ಹೋದಾಗ ತಗಡಿನ ಬಾಗಿಲು ಒಳಕ್ಕೂ ಹೊರಕ್ಕೂ ಉಸಿರಾಡುತ್ತಿತ್ತು. ಹೇಂಟೆಗಳು ಒಂದಕ್ಕೊಂದು ಒತ್ತಿಕೊಂಡು ಕೂತಿದ್ದವು, ಕಂದು ಬಣ್ಣದ ಹಿರಿಯ ಹೇಂಟೆ ಮಾತ್ರ ಕತ್ತು ಚಾಚಿ ಬಾಗಿಲನ್ನೇ ದಿಟ್ಟಿಸುತ್ತಿತ್ತು. ಕತ್ತಲಿದ್ದರೆ ಕೋಳಿ ಗಾಬರಿಯಾಗುವುದು ಕಡಿಮೆ, ಹಾಗಾಗಿ ಬೇಗನೆ ಟಾರ್ಚ್ ಆರಿಸಿದೆ.

ಬೆಳಗಾಯಿತು, ಕರೆಂಟು ಇಲ್ಲ. ರಾಜ್ಯದಲ್ಲಿ 30 ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳು ಕತ್ತಲಲ್ಲಿದ್ದವು. ಜನರೇಟರ್ ಇದ್ದವರು ಅದನ್ನು ಗ್ಯಾರೇಜಿನೊಳಗಾಗಲಿ ಬಾಗಿಲ ಬಳಿಯಾಗಲಿ ಓಡಿಸಲೇಬಾರದು. ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಮನುಷ್ಯರನ್ನೇ ಕೊಲ್ಲುತ್ತದೆ, ಹಕ್ಕಿಗಳ ಪುಪ್ಪುಸ ಇನ್ನೂ ಸೂಕ್ಷ್ಮ. ಮಳೆ ನಿಂತ ಮೇಲೆ ಸೆಕೆ ಏರುತ್ತದೆ. ಕೋಳಿಗೆ ಬೆವರುವುದಕ್ಕೆ ಬರುವುದಿಲ್ಲ, ಬಾಯಿ ತೆರೆದು ಏದುಸಿರು ಬಿಡುವುದೇ ಮುಖ್ಯ ದಾರಿ. ಸೆಕೆಯ ದಿನ ಒಂದು ಹೇಂಟೆಗೆ ಅರ್ಧ ಲೀಟರಿನಷ್ಟು ನೀರು ಬೇಕು, ಮೇವು 100ರಿಂದ 120 ಗ್ರಾಂ ಸಾಕು. ಬೋರ್‌ವೆಲ್ ನೀರು ನೆಚ್ಚಿದವರಿಗೆ ಕರೆಂಟು ಹೋದರೆ ಪಂಪೂ ಹೋಯಿತು. ನಾವು ಡ್ರಮ್ಮುಗಳಲ್ಲಿ ನೀರು ತುಂಬಿಟ್ಟಿದ್ದೆವು, ಫ್ರೀಜರಿನಲ್ಲಿ ಬಾಟಲಿಗಳನ್ನು ಗಟ್ಟಿ ಮಾಡಿಟ್ಟಿದ್ದೆವು. ಅಗಲ ತಟ್ಟೆಯಲ್ಲಿ ಒಂದಿಂಚು ತಣ್ಣೀರು ಹಾಕಿದರೆ ಹೇಂಟೆಗಳು ತಾವಾಗಿ ಬಂದು ಕಾಲು ಅದ್ದಿ ನಿಲ್ಲುತ್ತಿದ್ದವು.

ಅಂಗಳಕ್ಕೆ ಬಿಡುವ ಮೊದಲು ಅಂಗಳವನ್ನು ನೋಡಬೇಕು. ಹಾರಿಬಂದ ಛಾವಣಿಯ ಹೊದಿಕೆಗಳ ಜೊತೆ ಮೊಳೆಗಳೂ ಬಂದಿರುತ್ತವೆ. ಹೊಳೆಯುವುದನ್ನೆಲ್ಲ ಕುಕ್ಕುವುದು ಕೋಳಿಯ ಸ್ವಭಾವ, ನುಂಗಿದ ಮೊಳೆ ಹೊಟ್ಟೆಯನ್ನು ಒಳಗಿಂದ ಚುಚ್ಚುತ್ತದೆ. ಹಗ್ಗಕ್ಕೆ ಕಟ್ಟಿದ ದೊಡ್ಡ ಅಯಸ್ಕಾಂತವನ್ನು ಹುಲ್ಲಿನ ಮೇಲೆ ಎಳೆದಾಡಿದರೆ ಕೆಸರು ಮೆತ್ತಿದ ಮೊಳೆ, ಸ್ಕ್ರೂಗಳು ಗೊಂಚಲಾಗಿ ಅಂಟಿಕೊಂಡು ಬರುತ್ತವೆ. ಗಾಜಿನ ಚೂರನ್ನು ಮಾತ್ರ ಕಣ್ಣಿನಿಂದಲೇ ಹುಡುಕಬೇಕು.

ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಮಿಲ್ಟನ್ ತಂದ ಆ ಒಂದು ಮಳೆಗೆ 18 ಇಂಚಿಗೂ ಹೆಚ್ಚು ನೀರು ಬಿತ್ತು. ಹಿಲ್ಸ್‌ಬರೋ ನದಿ ಬಿಸಿಲು ಬಂದ ಮೇಲೂ ಏರುತ್ತಲೇ ಇತ್ತು. ನಿಂತ ನೀರಿನಲ್ಲಿ ಚರಂಡಿಯದೂ ಸೇರಿರುತ್ತದೆ, ಕೋಳಿಗೆ ಅದನ್ನು ಕುಡಿಯಲು ಬಿಡಬಾರದು. ನೆನೆದ ಮೇವನ್ನು ಒಣಗಿಸಿ ಹಾಕುವ ಆಸೆ ಬೇಡ, ಅದರಲ್ಲಿ ಬೆಳೆದ ಬೂಸು ವಿಷ. ಸತ್ತ ಕಪ್ಪೆ, ಮೀನುಗಳನ್ನು ಹೂಳಬೇಕು. ಅವುಗಳಲ್ಲಿ ಹುಟ್ಟಿದ ಹುಳ ತಿಂದ ಕೋಳಿಗೆ ಕತ್ತು ಜೋಲುವ ಬಾಟುಲಿಸಂ ಬರಬಹುದು. ಹೊಟ್ಟು ಒದ್ದೆಯಾದರೆ ಕಾಕ್ಸಿಡಿಯೋಸಿಸ್ ಭಯ, ಹಿಕ್ಕೆಯಲ್ಲಿ ರಕ್ತ ಕಂಡರೆ ತಡಮಾಡದೆ ಪಶುವೈದ್ಯರಿಗೆ ಹೇಳಬೇಕು. ನೆಲೆ ತಪ್ಪಿದ ರಕೂನ್, ಹಾವುಗಳು ಅದೇ ವಾರ ಹಿತ್ತಲಿಗೆ ಬರುತ್ತವೆ. ಗೂಡಿನ ಸುತ್ತ ಜಾಲರಿಯ ಅಂಚನ್ನು ಕೈಯಿಂದ ತಡವಿ ನೋಡಿದ ಮೇಲೆಯೇ ನಾನು ಬಾಗಿಲು ತೆಗೆದದ್ದು.

ಮೊಟ್ಟೆ ಕಡಿಮೆಯಾಯಿತು, ಒಂದೆರಡು ಚಿಪ್ಪಿಲ್ಲದೆ ಬಿದ್ದವು. ಗಾಬರಿಗೊಂಡ ಕೋಳಿ ಹೀಗೆ ಮಾಡುತ್ತದೆ, ಜೊತೆಗೆ ಅಕ್ಟೋಬರ್ ಪುಕ್ಕ ಉದುರುವ ಕಾಲ. ಕಾಯುವುದಷ್ಟೇ ಮದ್ದು.

ಹವಾಯಿಯ ಕವಾಯ್ ದ್ವೀಪದ ತುಂಬ ಈಗ ಕಾಡುಕೋಳಿಗಳು. 1992ರ ಇನಿಕಿ ಚಂಡಮಾರುತ ಗೂಡುಗಳನ್ನು ಒಡೆದಾಗ ತಪ್ಪಿಸಿಕೊಂಡ ಸಾಕುಕೋಳಿಗಳ ಸಂತತಿಯೇ ಅವುಗಳಲ್ಲಿ ಬಹುಪಾಲು ಎಂದು ಅಲ್ಲಿನ ಜನ ಹೇಳುತ್ತಾರೆ. ಬಿಟ್ಟ ಕೋಳಿ ತನ್ನ ನೀರು, ನೆರಳು ತಾನೇ ಹುಡುಕಿಕೊಳ್ಳಬಲ್ಲದು, ಕೂಡಿಹಾಕಿದ ಕೋಳಿಗೆ ಆ ಅವಕಾಶವನ್ನು ನಾವೇ ಕಿತ್ತುಕೊಂಡಿರುತ್ತೇವೆ. ಆದ್ದರಿಂದ ಪಂಜರ, ಡ್ರಮ್ಮು, ಎರಡು ವಾರದ ಒಣ ಮೇವು, ಒಂದು ಅಯಸ್ಕಾಂತ ಇಷ್ಟನ್ನು ಮೇ ತಿಂಗಳಲ್ಲೇ ಗ್ಯಾರೇಜಿಗೆ ತಂದಿಡಿ. ಚಂಡಮಾರುತದ ಹೆಸರು ಟಿವಿಯಲ್ಲಿ ಬರುವ ಹೊತ್ತಿಗೆ ಅಂಗಡಿಯ ಕಪಾಟುಗಳು ಖಾಲಿಯಾಗಿರುತ್ತವೆ.