ಲ್ಯಾಪ್‌ಟಾಪಿನ ಮೇಲೆ ಕಾಫಿ ಚೆಲ್ಲಿದರೆ

ಹಿಂದೆ ತೋಟದ ಲೆಕ್ಕವೆಲ್ಲ ಕಿರ್ದಿ ಪುಸ್ತಕದಲ್ಲಿರುತ್ತಿತ್ತು. ಈಗ ಅನೇಕ ಸದಸ್ಯರ ಮನೆಗಳಲ್ಲಿ ಆಳಿನ ಕೂಲಿ, ಗೊಬ್ಬರದ ಖರ್ಚು, ಅಡಿಕೆ ಮಾರಾಟದ ಲೆಕ್ಕ ಎಲ್ಲವೂ ಲ್ಯಾಪ್‌ಟಾಪ್ ಸೇರಿವೆ. ಕಿರ್ದಿಯ ಮೇಲೆ ಕಾಫಿ ಚೆಲ್ಲಿದರೆ ಹಾಳೆಗೆ ಕಲೆಯಾಗುತ್ತದೆ, ಅಷ್ಟೆ. ಲ್ಯಾಪ್‌ಟಾಪಿನ ಮೇಲೆ ಚೆಲ್ಲಿದರೆ ಏನು ಮಾಡಬೇಕು, ಮುಖ್ಯವಾಗಿ ಏನು ಮಾಡಬಾರದು ಎಂಬುದನ್ನು ಈ ಪಾಠದಲ್ಲಿ ನೋಡೋಣ.

ಅಥಣಿ ತಾಲೂಕಿನ ಕೊಕಟನೂರದಲ್ಲಿ ನಮಗೆ ನೆಂಟರಿದ್ದಾರೆ. ಅವರು ಕಬ್ಬು ಬೆಳೆಯುವವರು. ನಾವು ಅಲ್ಲಿಗೆ ಹೋಗಿದ್ದಾಗ ಮನೆಯ ಹುಡುಗನ ಕೈತಪ್ಪಿ ಲ್ಯಾಪ್‌ಟಾಪಿನ ಮೇಲೆ ಚಹಾ ಚೆಲ್ಲಿತು. ಯಂತ್ರ ತಾನಾಗಿಯೇ ಬಂದ್ ಆಯಿತು. ಹುಡುಗ ಮೇಲೆ ಮೇಲೆ ಒರೆಸಿ, ಕೂಡಲೇ ಗುಂಡಿ ಒತ್ತಿದ. ಪರದೆ ಎರಡು ಸಲ ಮಿನುಗಿ ಆರಿಹೋಯಿತು. “ಚಾಲೂ ಆಗ್ತೈತೇನೂಂತ ನೋಡಿದ್ನಿರಿ, ಕಾಕಾ” ಎಂದ. ಯಂತ್ರವನ್ನು ಕೊಂದದ್ದು ಚಹಾ ಅಲ್ಲ, ಆ ‘ನೋಡಿದ್ದು’ ಎಂದು ರಿಪೇರಿಯವರು ನಂತರ ಹೇಳಿದರು.

ಇದಕ್ಕೆ ಕಾರಣ ನಮ್ಮ ತೋಟದಲ್ಲೇ ಇದೆ. ಬೋರ್ಡೋ ದ್ರಾವಣ ಹದವಾಗಿದೆಯೇ ಎಂದು ತಿಳಿಯಲು ನಾವು ಅದರಲ್ಲಿ ಕಬ್ಬಿಣದ ಚಾಕು ಅದ್ದುತ್ತೇವೆ. ಸುಣ್ಣ ಕಡಿಮೆಯಾಗಿದ್ದರೆ ಚಾಕುವಿನ ಮೇಲೆ ಕೆಂಪಗೆ ತಾಮ್ರ ಕೂರುತ್ತದೆ. ದ್ರವದ ಮೂಲಕ ಲೋಹವು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಬಲ್ಲುದು ಎಂಬುದಕ್ಕೆ ಇದೇ ಸಾಕ್ಷಿ. ಲ್ಯಾಪ್‌ಟಾಪಿನ ಒಳಗಿನ ಫಲಕದ ಮೇಲೆ ಕೂದಲೆಳೆಯಂಥ ತಾಮ್ರದ ಗೆರೆಗಳಿವೆ. ಒದ್ದೆಯಿದ್ದಾಗ ವಿದ್ಯುತ್ ಹರಿದರೆ ಆ ತಾಮ್ರ ಕರಗಿ ಬೇರೆಡೆ ಕೂರುತ್ತದೆ. ಸೇರಬಾರದ ಗೆರೆಗಳು ಸೇರಿ ಬಿಡಿಭಾಗಗಳು ಸುಡುತ್ತವೆ. ಶುದ್ಧ ನೀರಿನಲ್ಲಿ ವಿದ್ಯುತ್ ಅಷ್ಟಾಗಿ ಹರಿಯದು. ಲವಣಗಳಿರುವ ಬಾವಿ ನೀರು, ಹಾಲು ಬೆರೆತ ಕಾಫಿ, ಮಜ್ಜಿಗೆ ಇವುಗಳಲ್ಲಿ ಚೆನ್ನಾಗಿ ಹರಿಯುತ್ತದೆ. ಸಕ್ಕರೆ, ಬೆಲ್ಲಗಳ ಅಂಟು ಒಣಗಿದ ಮೇಲೂ ಉಳಿದು, ಮಳೆಗಾಲದಲ್ಲಿ ಮತ್ತೆ ತೇವ ಹೀರುತ್ತದೆ.

ಆದುದರಿಂದ ಈ ಕ್ರಮಗಳನ್ನು ಅನುಸರಿಸಬೇಕು:

1. ಚಾರ್ಜರ್ ಹಾಕಿದ್ದರೆ ಮೊದಲು ಗೋಡೆಯ ಸ್ವಿಚ್ಚನ್ನು ಒಣಗೈಯಿಂದ ಆರಿಸಿ, ನಂತರ ವಯರನ್ನು ತೆಗೆಯಿರಿ. ಸ್ವಿಚ್ಚೇ ಒದ್ದೆಯಾಗಿದ್ದರೆ ಮೈನ್ ಆರಿಸಿ.

2. ಯಂತ್ರ ಇನ್ನೂ ನಡೆಯುತ್ತಿದ್ದರೆ ಪವರ್ ಗುಂಡಿಯನ್ನು ಸುಮಾರು 10 ಸೆಕೆಂಡು ಒತ್ತಿ ಹಿಡಿದು ಆರಿಸಿ. ಬರೆಯುತ್ತಿದ್ದ ಲೆಕ್ಕ ಹೋದರೆ ಹೋಗಲಿ. ಬ್ಯಾಟರಿ ಹೊರಗೆ ಬರುವಂಥದ್ದಾದರೆ ತೆಗೆದಿಡಿ.

3. ಪೆನ್‌ಡ್ರೈವ್, ಮೌಸ್ ಎಲ್ಲವನ್ನೂ ಕಳಚಿ, ಒಣಬಟ್ಟೆಯಿಂದ ಒತ್ತಿ ಒರೆಸಿ, ಯಂತ್ರವನ್ನು ತೆರೆದು ಡೇರೆಯಂತೆ ಬೋರಲಾಗಿ ನಿಲ್ಲಿಸಿ. ಅಲುಗಾಡಿಸಬೇಡಿ.

4. ಒಣಗಿಸಲು ಬಿಸಿಲಿಗಾಗಲಿ, ಒಲೆಯ ಬಳಿಗಾಗಲಿ ಇಡಬೇಡಿ. ಕೂದಲು ಒಣಗಿಸುವ ಯಂತ್ರದ ಬಿಸಿಗಾಳಿಯೂ ಬೇಡ. ಬಿಸಿಯು ಬ್ಯಾಟರಿಗೆ ಅಪಾಯ. ಫ್ಯಾನಿನ ಗಾಳಿ ಸಾಕು.

5. ಬ್ಯಾಟರಿ ಉಬ್ಬಿದ್ದರೆ ಒತ್ತಬೇಡಿ, ಚುಚ್ಚಬೇಡಿ, ಚಾರ್ಜ್ ಮಾಡಬೇಡಿ. ಅದಕ್ಕೆ ಬೆಂಕಿ ಹತ್ತಬಹುದು.

6. ಸಾಧ್ಯವಾದರೆ ಅದೇ ದಿನ ರಿಪೇರಿಯವರಲ್ಲಿಗೆ ಒಯ್ಯಿರಿ. ಚೆಲ್ಲಿದ್ದು ಕಾಫಿಯೋ ನೀರೋ, ಸಕ್ಕರೆ ಇತ್ತೋ ಇಲ್ಲವೋ, ನಿಜ ಹೇಳಿ. ಅವರು ಬಿಚ್ಚಿ, ತಕ್ಕ ಸ್ಪಿರಿಟಿನಿಂದ ಫಲಕವನ್ನು ತೊಳೆಯುತ್ತಾರೆ.

ಅಕ್ಕಿಯಲ್ಲಿ ಹೂತಿಟ್ಟರೆ ಸರಿಹೋಗುತ್ತದೆ ಎಂಬ ಮಾತನ್ನು ನಂಬಬೇಡಿ. ಅಕ್ಕಿಯು ಒಳಗಿನ ತೇವವನ್ನು ಎಳೆಯದು, ಅಂಟನ್ನು ತೆಗೆಯದು. ಅಕ್ಕಿಯ ಸಣ್ಣ ಚೂರುಗಳು ಹಾನಿ ಮಾಡಬಹುದೆಂದು ಆಪಲ್ ಕಂಪನಿಯೇ ತನ್ನ ಫೋನುಗಳ ವಿಷಯದಲ್ಲಿ ಎಚ್ಚರಿಸಿದೆ. ಅಂಗಳದಲ್ಲಿ ವಾರವಿಡೀ ಒಣಗಿದ ಚಾಲಿಯ ಸಿಪ್ಪೆ ಗರಿಗರಿಯಾಗಿದ್ದರೂ ಒಳಗೆ ಹಸಿ ಇರುವುದು ನಮಗೆ ಗೊತ್ತು. ಲ್ಯಾಪ್‌ಟಾಪೂ ಹಾಗೆಯೇ. ಬರೇ ನೀರು ಬಿದ್ದು, ರಿಪೇರಿಯವರು ದೂರವಿದ್ದರೆ, ಕಡಿಮೆಯೆಂದರೆ ಎರಡು ದಿನ ಗುಂಡಿ ಮುಟ್ಟದಿರುವುದು ಲೇಸು.

ಯಂತ್ರ ಸತ್ತರೂ ಲೆಕ್ಕ ಸಾಯಬೇಕೆಂದಿಲ್ಲ. ಲೆಕ್ಕವಿರುವುದು ಡಿಸ್ಕಿನಲ್ಲಿ. ಅನೇಕ ಮಾದರಿಗಳಲ್ಲಿ ಅದನ್ನು ಕಳಚಿ ಬೇರೆ ಯಂತ್ರಕ್ಕೆ ಜೋಡಿಸಿ ಓದಬಹುದು. ಕೊಕಟನೂರದ ಲ್ಯಾಪ್‌ಟಾಪ್ ಹೋಯಿತು, ಆದರೆ ಮೂರು ವರ್ಷದ ಕಬ್ಬಿನ ಲೆಕ್ಕ ಹೀಗೆಯೇ ಉಳಿಯಿತು. ಕೆಲವು ಮಾದರಿಗಳಲ್ಲಿ ಡಿಸ್ಕು ಫಲಕಕ್ಕೇ ಬೆಸೆದಿರುತ್ತದೆ. ಅಲ್ಲಿ ಈ ಅದೃಷ್ಟವನ್ನು ನೆಚ್ಚುವಂತಿಲ್ಲ. ಪಹಣಿಯನ್ನು ಸರ್ಕಾರದಿಂದ ಮತ್ತೆ ಪಡೆಯಬಹುದು. ನಾವೇ ಬರೆದ ಕೂಲಿ ಲೆಕ್ಕವನ್ನು ಯಾರು ಕೊಡುತ್ತಾರೆ?

ಆದುದರಿಂದ ವಾರಕ್ಕೊಮ್ಮೆ ಪೆನ್‌ಡ್ರೈವಿಗೆ ಪ್ರತಿ ತೆಗೆಯಿರಿ. ಇನ್ನೊಂದು ಪ್ರತಿ ಬೇರೆ ಊರಿನ ನೆಂಟರ ಮನೆಯಲ್ಲಿರಲಿ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ, 2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿ ಅಥಣಿ, ಚಿಕ್ಕೋಡಿ, ರಾಯಬಾಗ ಕಡೆಯ ನದೀತೀರದ ಊರುಗಳಿಗೆ ನುಗ್ಗಿದಾಗ, ಒಂದೇ ಕಪಾಟಿನಲ್ಲಿಟ್ಟ ಎರಡು ಪ್ರತಿಗಳಿಂದ ಏನು ಪ್ರಯೋಜನವಾದೀತು?

ಕಡೆಯದಾಗಿ, ಕಾಫಿ ಬೆಳೆಯುವವರು ಕಾಫಿ ಕುಡಿಯುವುದನ್ನು ಬಿಡಬೇಕಿಲ್ಲ. ಲೆಕ್ಕ ಬರೆಯುವಾಗ ಲೋಟವನ್ನು ಬೇರೆ ಮಣೆಯ ಮೇಲಿಟ್ಟರೆ ಸಾಕು. ಚೆಲ್ಲಿತೋ, ಮೊದಲು ವಿದ್ಯುತ್ ಕಳಚಿ. ‘ನೋಡೋಣ’ ಎಂದು ಗುಂಡಿ ಒತ್ತಬೇಡಿ. ಇದಿಷ್ಟನ್ನು ಮನೆಯ ಮಕ್ಕಳಿಗೂ ತಿಳಿಸಿಡಿ.