ಮೇಕಪ್ ಸುರುಳಿ ಏಳುತ್ತಿದೆಯೇ?

ಪ್ರಶ್ನೆ: ಮುಂದಿನ ತಿಂಗಳು ಅಕ್ಕನ ಮದುವೆ. ಕಡಿಮೆ ಬೆಲೆಯ ಕ್ರೀಮ್, ಪ್ರೈಮರ್ ತಂದಿದ್ದೇನೆ. ಫೌಂಡೇಶನ್ ಹಚ್ಚಿದ ಕೂಡಲೇ ಸಣ್ಣ ಸಣ್ಣ ಸುರುಳಿಯಾಗಿ ಎದ್ದುಬರುತ್ತದೆ. ದುಬಾರಿಯದ್ದೇ ಕೊಳ್ಳಬೇಕಾ ಮೇಡಂ?

ಉತ್ತರ: ಖಂಡಿತ ಬೇಡಮ್ಮ. ಆ ದುಡ್ಡಿಗೆ ಒಳ್ಳೆಯ ರವಿಕೆ ಹೊಲಿಸಿಕೊಳ್ಳಿ. ಅನೇಕ ಪ್ರೈಮರ್‌ಗಳಲ್ಲಿ, ದುಬಾರಿಯವುಗಳಲ್ಲೂ, ಇರುವುದು ಡೈಮೆಥಿಕೋನ್ ಎಂಬ ಸಿಲಿಕೋನ್. ಮುಖ ನುಣುಪಾಗಿ ಕಾಣುವುದು ಅದರಿಂದಲೇ. ಅದರ ಮೇಲೆ ನೀರಿನಂಶ ಹೆಚ್ಚಿರುವ ಫೌಂಡೇಶನ್ ಕೆಲವೊಮ್ಮೆ ಸರಿಯಾಗಿ ಕೂರುವುದಿಲ್ಲ. ಕೆಳಗಿನ ಕ್ರೀಮ್ ಹಸಿಯಾಗಿದ್ದರಂತೂ ಚಪಾತಿ ಹಿಟ್ಟು ಕಲಸಿದ ಬೆರಳು ಉಜ್ಜಿಕೊಂಡ ಹಾಗೆ ಉದುರುತ್ತದೆ. ಕ್ರೀಮ್ ತೆಳ್ಳಗೆ ಹಚ್ಚಿ ಐದು-ಹತ್ತು ನಿಮಿಷ ಬಿಡಿ. ನಂತರ ಸನ್‌ಸ್ಕ್ರೀನ್. ಅದೂ ಆರಿದ ಮೇಲೆ ಬಟಾಣಿ ಕಾಳಿನಷ್ಟು ಪ್ರೈಮರನ್ನು ಹಣೆ, ಮೂಗಿನ ಪಕ್ಕ ಬೆರಳ ತುದಿಯಿಂದ ಒತ್ತಿ. ತಿಕ್ಕಬೇಡಿ.

ಕ್ರೀಮ್ ಕೊಳ್ಳುವಾಗ ಡಬ್ಬಿಯ ಹಿಂಬದಿ ಓದಿ. ಹೆಚ್ಚು ಪ್ರಮಾಣದಲ್ಲಿರುವುದರ ಹೆಸರು ಮೊದಲು ಬರುತ್ತದೆ. ಒಣ ಚರ್ಮಕ್ಕೆ ಗ್ಲಿಸರಿನ್ ಮೇಲಿನ ಸಾಲಿನಲ್ಲೇ ಇರಲಿ. ಅದು ಅಗ್ಗದ ಕ್ರೀಮ್‌ಗಳಲ್ಲೇ ಧಾರಾಳವಾಗಿ ಸಿಗುತ್ತದೆ. ಹೊಸದನ್ನು ಮೊಣಕೈ ಒಳಬದಿಗೆ ಒಂದು ವಾರ ಹಚ್ಚಿ ನೋಡಿ. ಒಮ್ಮೆಗೆ ಒಂದೇ. ಎರಡನ್ನೂ ಒಟ್ಟಿಗೆ ಶುರು ಮಾಡಿದರೆ ತುರಿಕೆ ಯಾವುದರಿಂದ ಬಂತೆಂದು ತಿಳಿಯುವುದಿಲ್ಲ.

ಅಗ್ಗದ್ದಕ್ಕಲ್ಲ, ನಾನು ಹೆದರುವುದು ತಯಾರಕರ ವಿಳಾಸವಿಲ್ಲದ, 'ವಾರದಲ್ಲಿ ಬಿಳುಪು' ಎನ್ನುವ ಡಬ್ಬಿಗಳಿಗೆ. ಅಂಥವುಗಳಲ್ಲಿ ಪಾದರಸ ಸಿಕ್ಕ ಉದಾಹರಣೆಗಳಿವೆ. ಹಾಗೆಯೇ, ಬಿಳುಪಿಗೆಂದು ಮೆಡಿಕಲ್ ಶಾಪ್‌ನವರು ಕೊಟ್ಟ ಟ್ಯೂಬ್ ಮೇಲೆ ಬೆಟಾಮೆಥಸೋನ್ ಅಥವಾ ಕ್ಲೋಬೆಟಾಸೋಲ್ ಎಂದಿದ್ದರೆ ಅದು ಸ್ಟಿರಾಯ್ಡ್. ಚರ್ಮದ ವೈದ್ಯರು ಬರೆದುಕೊಡದೆ ಮುಖಕ್ಕೆ ಮುಟ್ಟಿಸಬೇಡಿ.